ಭೂಮಿಯ ಓಲಾಟ ಮತ್ತು ನಮ್ಮ ಮುಂಗಾರು

ಮಕರ ಸಂಕ್ರಾಂತಿಯನ್ನು ನಾವು ಜನವರಿ 14 ಅಥವಾ 15ರಂದು ಆಚರಿಸುತ್ತೇವೆ. ಆದರೆ ಸೂರ್ಯನು ಉತ್ತರಕ್ಕೆ ತಿರುಗುವುದು ಡಿಸೆಂಬರ್ 22ರ ಸುಮಾರಿಗೆ. ಸುಮಾರು 1,700 ವರ್ಷಗಳ ಹಿಂದೆ ಇವೆರಡೂ ಒಂದೇ ದಿನ ಬರುತ್ತಿದ್ದವು. ಈ ಅಂತರಕ್ಕೆ ಕಾರಣ ಭೂಮಿಯ ಓಲಾಟ.

ತಿರುಗುವ ಬುಗುರಿಯು ಓಲಾಡುವಂತೆ ಭೂಮಿಯ ಅಕ್ಷವೂ ಓಲಾಡುತ್ತದೆ. ಒಂದು ಸುತ್ತಿಗೆ ಸುಮಾರು 26,000 ವರ್ಷ ಬೇಕು. ಇದರಿಂದ ಮಳೆ ನಕ್ಷತ್ರಗಳು ಸುಮಾರು 71 ವರ್ಷಗಳಿಗೆ ಒಂದು ದಿನದಂತೆ ಋತುಗಳಿಗಿಂತ ಹಿಂದೆ ಬೀಳುತ್ತಿವೆ. ಈಗ ಜೂನ್ 7-8ರ ಸುಮಾರಿಗೆ ಹುಟ್ಟುವ ಮೃಗಶಿರ ಮಳೆ, ಸಾವಿರ ವರ್ಷಗಳ ಹಿಂದೆ ಎರಡು ವಾರ ಮೊದಲೇ ಹುಟ್ಟುತ್ತಿತ್ತು.

ಮಳೆಯ ಮೇಲೆ ಪರಿಣಾಮ

ಭೂಮಿಯು ಸೂರ್ಯನನ್ನು ಸುತ್ತುವ ದಾರಿ ಪೂರ್ಣ ವೃತ್ತವಲ್ಲ. ಜನವರಿ ಆರಂಭದಲ್ಲಿ ಸೂರ್ಯ ನಮಗೆ ಸುಮಾರು 14.7 ಕೋಟಿ ಕಿ.ಮೀ. ದೂರದಲ್ಲಿದ್ದರೆ, ಜುಲೈ ಆರಂಭದಲ್ಲಿ 15.2 ಕೋಟಿ ಕಿ.ಮೀ. ದೂರದಲ್ಲಿರುತ್ತಾನೆ. ಅಕ್ಷದ ಓಲಾಟದೊಡನೆ ಈ ದಾರಿಯೂ ನಿಧಾನವಾಗಿ ತಿರುಗುವುದರಿಂದ, ಸುಮಾರು 11,000 ವರ್ಷಗಳ ಹಿಂದೆ ಸೂರ್ಯನು ಜೂನ್-ಜುಲೈನಲ್ಲಿ ಸಮೀಪವಿದ್ದನು. ಆಗ ಏಷ್ಯಾದ ನೆಲ ಹೆಚ್ಚು ಕಾದು, ಸಮುದ್ರದ ತೇವದ ಗಾಳಿಯನ್ನು ಬಲವಾಗಿ ಸೆಳೆಯಿತು. ಮುಂಗಾರು ಇಂದಿಗಿಂತ ಪ್ರಬಲವಾಯಿತು. ಅರಬ್ಬಿ ಸಮುದ್ರದ ತಳದ ಕೆಸರಿನಲ್ಲಿ ಇದಕ್ಕೆ ಸಾಕ್ಷ್ಯ ಸಿಕ್ಕಿದೆ. ಆ ಕಾಲದಲ್ಲಿ ಆಫ್ರಿಕಾದ ಸಹಾರಾ ಮರುಭೂಮಿಯಲ್ಲೂ ಸರೋವರಗಳು, ಹುಲ್ಲುಗಾವಲುಗಳು ಇದ್ದವು.

ಅಕ್ಷದ ವಾಲಿಕೆಯೂ ಸುಮಾರು 41,000 ವರ್ಷಗಳಿಗೊಮ್ಮೆ ಹೆಚ್ಚಿ ತಗ್ಗುತ್ತದೆ. ಕಕ್ಷೆಯ ಆಕಾರವು ಸುಮಾರು ಒಂದು ಲಕ್ಷ ವರ್ಷಗಳ ಆವರ್ತದಲ್ಲಿ ಬದಲಾಗುತ್ತದೆ. ಹಿಮಯುಗಗಳಿಗೆ ಈ ಮೂರು ಬದಲಾವಣೆಗಳೇ ಚಾಲಕವೆಂದು ಸರ್ಬಿಯಾದ ವಿಜ್ಞಾನಿ ಮಿಲುಟಿನ್ ಮಿಲಾಂಕೋವಿಚ್ ಲೆಕ್ಕ ಹಾಕಿದರು. 1976ರಲ್ಲಿ ಸಾಗರತಳದ ಕೆಸರಿನ ಅಧ್ಯಯನವು ಇದನ್ನು ಬಲಪಡಿಸಿತು.

ರೈತರು ತಿಳಿಯಬೇಕಾದುದು

ಈ ಬದಲಾವಣೆಗಳಿಗೆ ಸಾವಿರಾರು ವರ್ಷ ಬೇಕು. ಒಂದು ವರ್ಷದ ಬರಕ್ಕಾಗಲಿ, ಒಂದು ತಲೆಮಾರಿನಲ್ಲಿ ಏರಿದ ತಾಪಕ್ಕಾಗಲಿ ಅವು ಕಾರಣವಲ್ಲ. ಕಲ್ಲಿದ್ದಲು, ಎಣ್ಣೆಗಳನ್ನು ಉರಿಸಿದ್ದರಿಂದ ಹಾಗೂ ಕಾಡು ಕಡಿದದ್ದರಿಂದ ಗಾಳಿಯ ಪ್ರತಿ ಹತ್ತು ಲಕ್ಷ ಭಾಗದಲ್ಲಿ 280ರಷ್ಟಿದ್ದ ಇಂಗಾಲದ ಡೈಆಕ್ಸೈಡ್ ಈಗ 420ನ್ನು ಮೀರಿದೆ. ಇಂದಿನ ತಾಪದ ಏರಿಕೆಗೆ ಮುಖ್ಯ ಕಾರಣ ಇದೇ.

ಆದ್ದರಿಂದ ನಕ್ಷತ್ರದ ದಿನವೊಂದನ್ನೇ ನಂಬಿ ಒಣಮಣ್ಣಿಗೆ ಬೀಜ, ಗೊಬ್ಬರ ಸುರಿಯುವುದು ಸರಿಯಲ್ಲ. ಹಿರಿಯರ ಮಳೆ ಲೆಕ್ಕ ನೆನಪಿನಲ್ಲಿರಲಿ. ಭೂಮಿ ಹದ ಮಾಡಿಕೊಂಡು ಸಿದ್ಧರಾಗಲು ಅದು ಸಹಾಯಕ. ಬಿತ್ತನೆಗೆ ಮಾತ್ರ ಮಣ್ಣಿನ ತೇವವನ್ನೂ ಹವಾಮಾನ ಮುನ್ಸೂಚನೆಯನ್ನೂ ನೋಡಿ ನಿರ್ಧರಿಸುವುದು ಕ್ಷೇಮ.