ಪಾಟಣೆಯ ಉಷ್ಟ್ರಪಕ್ಷಿ

ಹಾರಲಾರದ ಪಕ್ಷಿಗಳ ಅಳಿವೆಂದೊಡನೆ ವಿದ್ಯಾವಂತರ ನೆನಪು ಮಾರಿಷಸ್ ದ್ವೀಪದ ಡೋಡೋವಿನ ಕಡೆಗೆ ಹರಿಯುವುದು ಸಹಜ. 1598ರಲ್ಲಿ ಡಚ್ಚರು ಆ ದ್ವೀಪದಲ್ಲಿ ಇಳಿದರು. 1662ರ ತರುವಾಯ ಅದನ್ನು ಕಂಡವರ ನಂಬಲರ್ಹವಾದ ಹೇಳಿಕೆ ದೊರೆಯುವುದಿಲ್ಲ. ಈ ನಡುವೆ ಆ ಪಕ್ಷಿ ಭಾರತಕ್ಕೂ ಬಂದಿತ್ತು. ಪೀಟರ್ ಮಂಡಿಯೆಂಬ ಆಂಗ್ಲ ಪ್ರವಾಸಿಯು ಸೂರತ್ತಿನಲ್ಲಿ ಎರಡು ಡೋಡೋಗಳನ್ನು ಕಂಡುದಾಗಿ ಬರೆದಿದ್ದಾನೆ. ಜಹಾಂಗೀರನ ಆಸ್ಥಾನದ ಮನ್ಸೂರನ ಕೃತಿಯೆಂದು ಎಣಿಸಲಾದ ಡೋಡೋ ಚಿತ್ರವೊಂದು ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಆದರೆ ಅದು ಹಡಗಿನಲ್ಲಿ ಬಂದ ಅತಿಥಿ. ನಾಸಿಕ ಮತ್ತು ಛತ್ರಪತಿ ಸಂಭಾಜಿನಗರಗಳ ನಡುವಣ ನೆಲದಲ್ಲಿ ಅದಕ್ಕಿಂತ ಬಹು ದೊಡ್ಡದಾದ, ಹಾರಲಾರದ ಪಕ್ಷಿಯೊಂದು ಮನೆಮಾಡಿಕೊಂಡಿತ್ತೆಂಬುದನ್ನು ಬಲ್ಲವರು ವಿರಳ. ಅದು ಉಷ್ಟ್ರಪಕ್ಷಿ.

ಸಂಭಾಜಿನಗರದಿಂದ ಎಲ್ಲೋರದ ಮೇಲೆ ಉತ್ತರಕ್ಕೆ ಹೋದರೆ ಕನ್ನಡ ಎಂಬ ಹೆಸರಿನ ತಾಲ್ಲೂಕು ಕೇಂದ್ರ ಸಿಗುತ್ತದೆ. (ಈ ಹೆಸರಿನ ಸ್ವಾರಸ್ಯವನ್ನು ಬೇರೊಂದೆಡೆ ವಿಚಾರಿಸತಕ್ಕದ್ದು.) ಅಲ್ಲಿಂದ ಘಟ್ಟವಿಳಿದರೆ ಚಾಳೀಸಗಾಂವ್; ನಾಸಿಕದಿಂದ ಬರುವವರಿಗೆ ರೈಲುಮಾರ್ಗವೇ ಇದೆ. ಅದರ ಸಮೀಪದಲ್ಲಿ, ಪಿತಳಖೋರಾ ಗುಹೆಗಳ ಬೆಟ್ಟದ ಬುಡದಲ್ಲಿ, ಪಾಟಣೆ ಎಂಬ ಹಳ್ಳಿಯಿದೆ. ಭಾಸ್ಕರಾಚಾರ್ಯನ ಮೊಮ್ಮಗ ಚಾಂಗದೇವನು ಅಜ್ಜನ ಗ್ರಂಥಗಳ ಅಧ್ಯಯನಕ್ಕಾಗಿ ಮಠವನ್ನು ಸ್ಥಾಪಿಸಿದನೆಂದು ತಿಳಿಸುವ, ಸೇವುಣ ಸಿಂಗಣನ ಕಾಲದ ಶಾಸನದಿಂದ ಈ ಊರು ಇತಿಹಾಸಜ್ಞರಿಗೆ ಪರಿಚಿತ. 1970ರ ದಶಕದ ಮೊದಲ ವರ್ಷಗಳಲ್ಲಿ ಎಸ್. ಎ. ಸಾಳಿಯವರು ಇಲ್ಲಿ ನಡೆಸಿದ ಉತ್ಖನನದಲ್ಲಿ ಹಳೆಯ ಶಿಲಾಯುಗದ ಅಂತ್ಯಕಾಲದ ಕಲ್ಲಿನ ಉಪಕರಣಗಳೊಡನೆ ಉಷ್ಟ್ರಪಕ್ಷಿಯ ಮೊಟ್ಟೆಯ ಚಿಪ್ಪುಗಳು, ಚಿಪ್ಪಿನಿಂದ ಮಾಡಿದ ಮಣಿಗಳು ದೊರೆತವು. ಇಂಗಾಲದ ಪರೀಕ್ಷೆಯಿಂದ ಚಿಪ್ಪಿನ ವಯಸ್ಸು ಸುಮಾರು 25,000 ವರ್ಷಗಳೆಂದು ತಿಳಿದುಬಂದಿದೆ.

ಎಲುಬು ಅಪರೂಪವಾಗಿ, ಚಿಪ್ಪೇ ಹೆಚ್ಚಾಗಿ ಉಳಿದುದೇಕೆ? ಉಷ್ಟ್ರಪಕ್ಷಿಯ ಮೊಟ್ಟೆ ಎರಡು ಡಜನ್ ಕೋಳಿಮೊಟ್ಟೆಗಳಿಗೆ ಸಮ. ಚಿಪ್ಪಿನ ದಪ್ಪ ಸುಮಾರು 2 ಮಿಲಿಮೀಟರ್. ಅದು ಬಹುಮಟ್ಟಿಗೆ ಸುಣ್ಣದ ಅಂಶವಾದುದರಿಂದ ಹುಳಿಮಣ್ಣಿನಲ್ಲಿ ಕರಗಿಹೋಗುತ್ತದೆ, ದಖ್ಖನ್ನಿನ ಸುಣ್ಣಗಲ್ಲು ಬೆರೆತ ಮೆಕ್ಕಲಿನಲ್ಲಿ ಬಾಳುತ್ತದೆ. ರಾಜಸ್ಥಾನ, ಮಧ್ಯಪ್ರದೇಶ, ಮಹಾರಾಷ್ಟ್ರಗಳ ನಲವತ್ತಕ್ಕೂ ಹೆಚ್ಚು ನೆಲೆಗಳಲ್ಲಿ ಇಂಥ ಚಿಪ್ಪುಗಳು ಸಿಕ್ಕಿವೆ. ಅವುಗಳಲ್ಲಿ ಕೆಲವನ್ನು ಪರೀಕ್ಷಿಸಿದ ವಿಜ್ಞಾನಿಗಳು, ಅವುಗಳೊಳಗಿನ ವಂಶವಾಹಿ ದ್ರವ್ಯದ ತುಣುಕು ಆಫ್ರಿಕದ ಉಷ್ಟ್ರಪಕ್ಷಿಯದನ್ನು ಶೇಕಡ 92ರಷ್ಟು ಹೋಲುವುದೆಂದು 2017ರಲ್ಲಿ ಪ್ರಕಟಿಸಿದರು.

ಪಾಟಣೆಯ ಒಂದು ಚಿಪ್ಪಿನ ಮೇಲೆ ಸಮಾಂತರ ಗೆರೆಗಳ ನಡುವೆ ಒಂದನ್ನೊಂದು ಕತ್ತರಿಸುವ ಓರೆಗೆರೆಗಳನ್ನು ಕೊರೆದಿದೆ. ಬೇರೆ ನೆಲೆಗಳ ಹಲವು ಚಿಪ್ಪುಗಳ ಮೇಲೂ ಕೆತ್ತನೆಯಿದೆಯೆಂದು ಮೊದಲು ಸಾರಲಾಗಿತ್ತು. ರಾಬರ್ಟ್ ಬೆಡ್ನಾರಿಕ್ ಅವುಗಳನ್ನು ಸೂಕ್ಷ್ಮದರ್ಶಕದಡಿಯಲ್ಲಿ ನೋಡಿ, ಅವು ಬಹುತೇಕ ಬೇರುಗಳು ಸುಣ್ಣವನ್ನು ಕರಗಿಸಿ ಮಾಡಿದ ಗುರುತುಗಳೆಂದು ತೋರಿಸಿದರು. ಪಾಟಣೆಯ ಚಿಪ್ಪು ಮಾತ್ರ ಆ ಒರೆಗಲ್ಲಿಗೆ ನಿಂತಿತು. ಉತ್ಸಾಹದಿಂದ ಎಣಿಸಿದ ನಲವತ್ತಕ್ಕಿಂತ ಪರೀಕ್ಷೆಯಲ್ಲಿ ಉಳಿದ ಈ ಒಂದು ಹೆಚ್ಚು ಬೆಲೆಯುಳ್ಳದ್ದು.

ಈ ಪಕ್ಷಿ ಅಳಿದುದೇಕೆಂಬ ಪ್ರಶ್ನೆಗೆ ದ್ವೀಪಗಳ ಉತ್ತರವನ್ನು ಇಲ್ಲಿ ಅನ್ವಯಿಸುವುದು ಆತುರವಾದೀತು. ಡೋಡೋ ಶತ್ರುಗಳಿಲ್ಲದ ನೆಲದಲ್ಲಿ ರೆಕ್ಕೆಯ ಬಲವನ್ನು ಕಳೆದುಕೊಂಡಿತು. ಮನುಷ್ಯನೂ, ಅವನೊಡನೆ ಬಂದ ಹಂದಿ, ಇಲಿ, ಕೋತಿಗಳೂ ಬಂದಾಗ ಅದಕ್ಕೆ ಆಸರೆಯಿರಲಿಲ್ಲ. ಉಷ್ಟ್ರಪಕ್ಷಿಯಾದರೋ ಹಿಂಸ್ರಮೃಗಗಳ ನಡುವೆಯೇ ಬೆಳೆದುದು. ಗಂಟೆಗೆ 70 ಕಿಲೋಮೀಟರ್ ಓಡಬಲ್ಲದು. ಮನುಷ್ಯನೂ ಅದಕ್ಕೆ ಹೊಸಬನಲ್ಲ: ನಾಸಿಕದ ಬಳಿಯ ಗಂಗಾಪುರದಲ್ಲಿ ಹ. ಧೀ. ಸಾಂಕಳಿಯಾ ಅವರು ಗೋದಾವರಿಯ ದಡದಲ್ಲಿ ಕಂಡ ಕಲ್ಲಿನ ಆಯುಧಗಳು ಪಾಟಣೆಯ ಮಣಿಗಳಿಗಿಂತ ಬಹಳ ಹಿಂದಿನವು. ಪಾಟಣೆಯ ಕಾಲದಲ್ಲಿ ಮುಂಗಾರು ಕ್ಷೀಣವಾಗಿ, ಬಯಲು ಒಣಹುಲ್ಲಿನಿಂದ ತುಂಬಿತ್ತು. ಸುಮಾರು 11,000 ವರ್ಷಗಳ ಹಿಂದೆ ಮಳೆ ಬಲಿತು, ಹುಲ್ಲುಗಾವಲನ್ನು ಪೊದೆ, ಕಾಡುಗಳು ಆಕ್ರಮಿಸಿದಂತೆ ಅದರ ನೆಲೆ ಕುಗ್ಗಿರಬೇಕು.

ಹಾಗೆಂದು ಮನುಷ್ಯನನ್ನು ನಿರ್ದೋಷಿಯೆನ್ನಲಾಗದು. ಆಸ್ಟ್ರೇಲಿಯದಲ್ಲಿ ಗೆನ್ಯೋರ್ನಿಸ್ ಎಂಬ ಹಾರಲಾರದ ಮಹಾಪಕ್ಷಿಯ ಚಿಪ್ಪುಗಳ ಒಂದು ತುದಿ ಮಾತ್ರ ಸುಟ್ಟಿರುವುದನ್ನು ಕಂಡು, ಸುಮಾರು 47,000 ವರ್ಷಗಳ ಹಿಂದೆ ಜನರು ಮೊಟ್ಟೆಗಳನ್ನು ಬೆಂಕಿಯಲ್ಲಿಟ್ಟು ತಿಂದರೆಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಪಾಟಣೆಯ ಚಿಪ್ಪುಗಳನ್ನೂ ಹೀಗೆ ಪ್ರಶ್ನಿಸಲು ಸಾಧ್ಯ. ಬೆಳೆಯುವ ಮರಿಯು ತನ್ನ ಎಲುಬಿಗೆ ಬೇಕಾದ ಸುಣ್ಣವನ್ನು ಚಿಪ್ಪಿನ ಒಳಮೈಯಿಂದ ಹೀರುತ್ತದೆ. ಅಲ್ಲಿಯ ಸೂಕ್ಷ್ಮ ಮೊನೆಗಳು ಸವೆಯುತ್ತವೆ. ಮೊನೆಗಳು ಇಡಿಯಾಗಿದ್ದರೆ ಮರಿ ಬೆಳೆಯುವ ಮೊದಲೇ ಮೊಟ್ಟೆ ಒಡೆಯಿತೆಂದೂ, ಸವೆದಿದ್ದರೆ ಮರಿ ಹೊರಟುಹೋದ ಗೂಡಿನಿಂದ ಚಿಪ್ಪನ್ನು ಆಯ್ದು ತಂದಿರಬಹುದೆಂದೂ ತಿಳಿಯಬಹುದು.