ಬೆನ್ನುಹುರಿಗೆ ಪೆಟ್ಟು: ಡಿಸ್ಚಾರ್ಜ್ ಆದ ಮೇಲೆ ಏನು?

ತಾಳಿಕೋಟೆ ಸುತ್ತ ಮರದಿಂದ ಬಿದ್ದೋ, ಬೈಕ್ ಅಪಘಾತದಲ್ಲೋ ಬೆನ್ನುಹುರಿಗೆ ಪೆಟ್ಟಾದರೆ ವಿಜಯಪುರಕ್ಕೋ ಸೊಲ್ಲಾಪುರಕ್ಕೋ ಓಡುತ್ತೇವೆ. ಆಪರೇಷನ್ ಆಯಿತು, ಮನೆಗೆ ಬಂದಿರಿ. ದೊಡ್ಡ ಕೆಲಸ ಶುರುವಾಗೋದೇ ಈಗ.

ಮೊದಲು ಚರ್ಮ. ಸ್ಪರ್ಶವೇ ತಿಳಿಯದ ಸೊಂಟ, ಹಿಮ್ಮಡಿ ಒತ್ತಿ ಒತ್ತಿ ಹುಣ್ಣಾಗುತ್ತವೆ; ನೋವಿಲ್ಲ, ಹಾಗಾಗಿ ಸುಳಿವೂ ಇಲ್ಲ. ಹಾಸಿಗೆಯಲ್ಲಿ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಿ, ರಾತ್ರಿ ಕೂಡ. ದಿನಾ ಕನ್ನಡಿ ಹಿಡಿದು ನೋಡಿ. ಕೆಂಪಾದ, ಕಪ್ಪಿಟ್ಟ ಜಾಗಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ. ಅದರ ಮೇಲಿನ ಭಾರ ತೆಗೆಯಿರಿ, ಸಾಕು.

ಇನ್ನು ಮೂತ್ರ. ಮನೆಯಲ್ಲಿ ಈ ಮಾತಿಗೆ ನಾಚಿಕೆ, ಆದರೆ ಕಿಡ್ನಿ ಉಳಿಯೋದು ಇದರಿಂದಲೇ. ಕೈ ಚೆನ್ನಾಗಿ ಆಡುವವರು 4ರಿಂದ 6 ತಾಸಿಗೊಮ್ಮೆ ತಾವೇ ನಳಿಕೆ ಹಾಕಿ ಮೂತ್ರ ತೆಗೆಯುವುದನ್ನು ಕಲಿಯಬಹುದು. ವೈದ್ಯರನ್ನು ಕೇಳಿ, ಕಲಿಸಿಕೊಡುತ್ತಾರೆ.

1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ವೈದ್ಯ ಲುಡ್ವಿಗ್ ಗುಟ್‌ಮನ್ ಹಟ ಹಿಡಿದು ಮಾಡಿಸಿದ್ದೂ ಇದೇ: ಮಗ್ಗುಲು, ಮೂತ್ರ, ವ್ಯಾಯಾಮ. 1948ಕ್ಕೆ ಅವರ ರೋಗಿಗಳು ಗಾಲಿಕುರ್ಚಿಯಲ್ಲೇ ಬಿಲ್ಲು ಹಿಡಿದರು. ಪ್ಯಾರಾಲಿಂಪಿಕ್ಸ್ ಬೆಳೆದದ್ದು ಅಲ್ಲಿಂದ.

ನಮ್ಮಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಪುನರ್ವಸತಿ ವಿಭಾಗವಿದೆ. 1959ರಲ್ಲಿ ಶುರುವಾದ ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ) ಸಂಸ್ಥೆಯೂ ಪುನರ್ವಸತಿ ತರಬೇತಿ ಕೊಡುತ್ತದೆ. ಅಷ್ಟು ದೂರ ಆಗದಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಹುಡುಕಿ. ಯುಡಿಐಡಿ ಕಾರ್ಡಿನ (ಅಂಗವಿಕಲರ ಗುರುತಿನ ಚೀಟಿ) ದಾರಿ ಅವರಿಗೆ ಗೊತ್ತು.

ಕುತ್ತಿಗೆ, ಎದೆಮಟ್ಟದ ಪೆಟ್ಟಾಗಿದ್ದು ಏಕಾಏಕಿ ತಲೆ ಸಿಡಿದು ಮುಖ ಬೆವತರೆ? ಕೂಡಲೇ ಎಬ್ಬಿಸಿ ಕೂರಿಸಿ, ಮೂತ್ರ ಕಟ್ಟಿದೆಯೇ ನೋಡಿ, ಆಸ್ಪತ್ರೆಗೆ ಹೊರಡಿ.

ಅಂದಹಾಗೆ, ಬಾಗಿಲ ಮುಂದಿನ ಕಟ್ಟೆ ಒಂದು ಅಡಿ ಎತ್ತರವಿದ್ದರೆ ಗಾಲಿಕುರ್ಚಿಗೆ ಇಳಿಜಾರು 12 ಅಡಿ ಉದ್ದ ಬೇಕು. ನುಣುಪು ಪರಸಿ ಹಾಕಿಸಬೇಡಿ, ಒದ್ದೆಯಾದರೆ ಗಾಲಿ ಜಾರುತ್ತದೆ.