ಬೀಡಿ ಕೆಮ್ಮಲ್ಲ ತಾತ, ಕಫ ಕೊಡಿ

ಬೆಳಿಗ್ಗೆ ಎಂಟು ಗಂಟೆ. ತುಮಕೂರು ಜಿಲ್ಲೆಯ ಹಳ್ಳಿಯೊಂದರ ಪ್ರಾಥಮಿಕ ಆರೋಗ್ಯ ಕೇಂದ್ರ. ಬೇವಿನ ಮರದಡಿ ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರು ಸೇರಿದ್ದಾರೆ. ಜೊತೆಗೆ ಸ್ತ್ರೀಶಕ್ತಿ ಸಂಘದ ಹೆಂಗಸರು, ಕಾಲೇಜು ಹುಡುಗರು, ಕ್ಷಯದಿಂದ ಗುಣವಾದ ಇಬ್ಬರು. ಮೇಲ್ವಿಚಾರಕರು ಕೈಯಲ್ಲೇ ಬರೆದ ಊರ ನಕ್ಷೆ ಹರವಿಕೊಂಡು, ಮನೆಮನೆಗೆ ಹೋಗಿ ಕ್ಷಯ ಪತ್ತೆಮಾಡಲು ಬೀದಿ ಹಂಚುತ್ತಿದ್ದಾರೆ. ಪ್ರತಿ ಜೋಡಿಯಲ್ಲಿ ಒಬ್ಬರು ಆ ಬೀದಿಯವರು, ಇನ್ನೊಬ್ಬರು ಹೊರಗಿನವರು. ಕಾರಣ ಕೇಳಿದರೆ ಹಿರಿಯ ಆಶಾ ಒಬ್ಬರು ನಕ್ಕರು: “ನಮ್ಮನ್ನ ನೋಡಿ ಬಾಗಿಲು ತೆಗೀತಾರೆ ಸಾರ್, ಕಾಯಿಲೆ ವಿಷ್ಯ ಮಾತ್ರ ಹೊರಗಿನವರಿಗೇ ಹೇಳೋದು.”

ಅವರ ಹಿಂದೆಯೇ ಹೊರಟೆ. ಮೂರನೇ ಮನೆಯ ಜಗಲಿಯಲ್ಲಿ ಮುದುಕರೊಬ್ಬರು ಕೆಮ್ಮುತ್ತ ಕೂತಿದ್ದರು.

“ತಾತ, ಎಷ್ಟು ದಿನದಿಂದ ಕೆಮ್ಮು?”

“ಬೀಡಿ ಕೆಮ್ಮು ಕಣವ್ವ, ಹೊಸದೇನಲ್ಲ.”

ಆಶಾ ಪಕ್ಕದಲ್ಲೇ ಕೂತು, ಅಕ್ಕಪಕ್ಕದವರಿಗೆ ಕೇಳದಂತೆ ದನಿ ತಗ್ಗಿಸಿದರು. ಸಂಜೆ ಜ್ವರ ಬರುತ್ತಾ? ರಾತ್ರಿ ಬೆವರು? ಪಂಚೆ ಸಡಿಲವಾಗಿದೆಯಾ? ತಿಂಗಳಿಂದ ಕೆಮ್ಮು, ಮೆಡಿಕಲ್ ಶಾಪಿನಿಂದ ಎರಡು ಬಾಟಲಿ ಸಿರಪ್ ಕುಡಿದಿದ್ದೂ ಆಯ್ತು ಎಂಬುದು ಮೆಲ್ಲಗೆ ಹೊರಬಂತು.

ಕಫದ ಡಬ್ಬಿ ಚೀಲದಿಂದ ಹೊರಬಂತು. ಹೆಸರು ಬರೆದದ್ದು ಡಬ್ಬಿಯ ಮೈಮೇಲೆ; ಮುಚ್ಚಳ ಅದಲುಬದಲಾದರೆ ಫಲಿತಾಂಶವೂ ಅದಲುಬದಲು. ತಾತ ಹಿತ್ತಲಿನ ಬಯಲಿಗೆ ಹೋಗಿ, ಬಾಯಿ ಮುಕ್ಕಳಿಸಿ, ಉಸಿರೆಳೆದು ಕೆಮ್ಮಿದರು. ಮೊದಲು ಬಂದದ್ದು ಬರೀ ಎಂಜಲು. “ಎದೆಯಿಂದ ಬರಬೇಕು ತಾತ.” ಎರಡನೇ ಸಲಕ್ಕೆ ಗಟ್ಟಿ ಕಫ ಬಂತು.

ಮಾದರಿ ಹೋಗುವುದು ಟ್ರೂನಾಟ್ ಯಂತ್ರಕ್ಕೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡ ಈ ತಂತ್ರಜ್ಞಾನ ಕ್ಷಯದ ರೋಗಾಣುವನ್ನು ಸುಮಾರು ಒಂದು ಗಂಟೆಯಲ್ಲಿ ಪತ್ತೆಮಾಡುತ್ತದೆ.

ಆದರೆ ಯಂತ್ರದವರೆಗೆ ಕಫ ತಲುಪಬೇಕಲ್ಲ! ಬೆಂಗಳೂರಿನ ರಾಷ್ಟ್ರೀಯ ಕ್ಷಯರೋಗ ಸಂಸ್ಥೆಯ ಸಂಶೋಧಕರು ಇದೇ ಜಿಲ್ಲೆಯ ಹಳ್ಳಿಗಳಲ್ಲಿ ನಡೆಸಿದ ಅಧ್ಯಯನ 1963ರಲ್ಲಿ ಪ್ರಕಟವಾಯಿತು. ಕ್ಷಯ ಇದ್ದವರಲ್ಲಿ ಸುಮಾರು ಅರ್ಧದಷ್ಟು ಜನ ಆಗಲೇ ಚಿಕಿತ್ಸೆ ಹುಡುಕಿ ಹೋಗಿದ್ದರು ಎಂದು ಅದು ಕಂಡುಕೊಂಡಿತ್ತು. ಹಳ್ಳಿಯ ಜನಕ್ಕೆ ಅರಿವಿಲ್ಲ ಎನ್ನುವುದು ಅರ್ಧ ಸತ್ಯ. ನಮ್ಮ ತಾತನೂ ಸುಮ್ಮನೆ ಕೂತಿರಲಿಲ್ಲ. ಕಫ ಪರೀಕ್ಷೆ ಮಾಡಿಸಿ ಎಂದು ಹೇಳುವವರು ಸಿಕ್ಕಿರಲಿಲ್ಲ, ಅಷ್ಟೆ.

ಕ್ಷಯದ ಪರೀಕ್ಷೆ, ಔಷಧ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ; 2024ರ ನವೆಂಬರ್‌ನಿಂದ ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1000 ರೂಪಾಯಿ ಸಿಗುತ್ತದೆ. ನಿಮ್ಮ ಮನೆಯಲ್ಲಿ ಯಾರದಾದರೂ ಕೆಮ್ಮು ಎರಡು ವಾರ ದಾಟಿದ್ದರೆ ಸಿರಪ್ ತರಬೇಡಿ, ಕಫ ಪರೀಕ್ಷೆಗೆ ಕರೆದುಕೊಂಡು ಹೋಗಿ.